ಎಡಗೈ ಹೆಣೆದ ಐದು ಡೈಮಂಡ್

ಅಪ್ಪನಿಗೆ 76 ವರ್ಷ. ಧನುರ್ಮಾಸ ಬಂತೆಂದರೆ ಬೆಳಿಗ್ಗೆ ಐದೂವರೆಗೆಲ್ಲ ಕುಕ್ಕರಹಳ್ಳಿ ಕೆರೆ ದಡದಲ್ಲಿರುತ್ತಾರೆ. ಮೈಸೂರಿನದೂ ಒಂದು ಚಳಿಯೇ ಅಂತ ಊಟಿಯವರು ನಗಬಹುದು. ನಮಗೆ 16 ಡಿಗ್ರಿಗೆ ಇಳಿದರೆ ಸಾಕು, ಮಂಕಿ ಕ್ಯಾಪು, ಮಫ್ಲರು, ಸ್ವೆಟರು ಮೂರೂ ಬೀರುವಿನಿಂದ ಆಚೆ ಬರುತ್ತವೆ. ಅಪ್ಪನ ಹಳೇ ತೋಳಿಲ್ಲದ ಸ್ವೆಟರು ಕಂಕುಳಲ್ಲಿ ಕಿತ್ತು ಎರಡು ವರ್ಷವಾಗಿತ್ತು. ಅಮ್ಮ ಎರಡು ಸಲ ತೇಪೆ ಹಾಕಿ, ಮೂರನೇ ಸಲ ಸುಮ್ಮನೆ ನನ್ನ ಕಡೆ ನೋಡಿದರು. ಸರಿ, ಈ ಸಲ ಎದೆ ಮೇಲೆ ಕೇಬಲ್, ಅಂದರೆ ಸ್ಟಿಚ್‌ಗಳನ್ನು ಒಂದರ ಮೇಲೊಂದು ದಾಟಿಸಿ ಹಗ್ಗದ ಹಾಗೆ ಉಬ್ಬಿಸುವ ಡಿಸೈನು, ಇರುವ ಸ್ವೆಟರನ್ನೇ ಹೆಣೆಯುತ್ತೇನೆ ಅಂತ 2024ರ ವಿಜಯದಶಮಿಯ ಮಾರನೇ ದಿನ ಶುರು ಮಾಡಿದೆ. ಸಂಕ್ರಾಂತಿಯೊಳಗೆ ಮುಗಿಸುವ ಲೆಕ್ಕ.

ನಾನು ಎಡಚಿ. ಊಟಕ್ಕೆ ಮಾತ್ರ ಅಜ್ಜಿ ಬಲಗೈ ರೂಢಿ ಮಾಡಿಸಿದರು. ಹೇಗೆ ಮಾಡಿಸಿದರು ಅನ್ನುವುದು ಇಲ್ಲಿ ಬೇಡ. ಬರೆಯುವುದು, ತರಕಾರಿ ಹೆಚ್ಚುವುದು, ರಂಗೋಲಿ, ಹೆಣಿಗೆ ಎಲ್ಲ ಎಡಗೈಯದೇ. ಹೆಣಿಗೆ ಕಲಿಸಿದ್ದು ಸೋದರತ್ತೆ. ಬೇರೆ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಕನ್ನಡಿ ನೋಡ್ತಿದೀನಿ ಅಂದ್ಕೊ. ನನ್ನ ಕೈ ಯಾವ ಕಡೆ ಹೋಗುತ್ತೋ ನಿನ್ನದೂ ಆ ಕಡೆಗೇ ಹೋಗ್ಲಿ" ಅಂದರು. ಹಾಗಾಗಿ ನನ್ನ ಹೆಣಿಗೆಯಲ್ಲಿ ಸ್ಟಿಚ್‌ಗಳೆಲ್ಲ ಬಲಗಡೆಯ ಕಡ್ಡಿಯಲ್ಲಿ ಕೂತಿರುತ್ತವೆ, ಎಡಗಡೆಯ ಕಡ್ಡಿ ಕೆಲಸ ಮಾಡುತ್ತದೆ, ಸಾಲು ಎಡದಿಂದ ಬಲಕ್ಕೆ ಓಡುತ್ತದೆ. ಟೋಪಿ, ಮಕ್ಕಳ ಕಾಲುಚೀಲ, ಪ್ಲೇನ್ ಸ್ವೆಟರು ಅಂತ ಮೂವತ್ತು ವರ್ಷ ಹೀಗೇ ಕಳೆದೆ. ಎಡಗೈ ಅನ್ನುವುದು ಒಂದು ಸಲವೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಕೇಬಲ್ ಚಾರ್ಟ್, ಅಂದರೆ ಡಿಸೈನನ್ನು ಚೌಕಗಳಲ್ಲಿ ಬಿಡಿಸಿದ ಹಾಳೆ, ಕೈಗೆ ತೆಗೆದುಕೊಂಡಾಗ.

ಅಕ್ಟೋಬರ್ 13, ಭಾನುವಾರ

ಶಿವರಾಂಪೇಟೆಯ ಅಂಗಡಿಯಿಂದ 4 ಪ್ಲೈ ನೂಲು ತಂದೆ. ಉಣ್ಣೆ ಅಕ್ರಿಲಿಕ್ ಮಿಶ್ರ, 50 ಗ್ರಾಂ ಉಂಡೆ 8. ಅಪ್ಪನಿಗೆ ಕಾಫಿಪುಡಿ ಬಣ್ಣ ಬೇಕಿತ್ತು, ಕೊಳೆ ಕಾಣಲ್ಲ ಅಂತ. ಆದರೆ ಕೇಬಲ್ ಅನ್ನುವುದು ಪೂರ್ತಿ ನೆರಳಿನ ಆಟ. ಉಬ್ಬಿದ ಎಳೆಯ ಪಕ್ಕದಲ್ಲಿ ಬೀಳುವ ನೆರಳಿನಿಂದಲೇ ಅದು ಕಾಣುವುದು. ಗಾಢ ಬಣ್ಣದಲ್ಲಿ ಆ ನೆರಳು ಮುಳುಗಿಹೋಗುತ್ತದೆ. ತಿಳಿ ಬೂದಿ ಬಣ್ಣ ತಂದೆ. ಅಪ್ಪ ಏನೂ ಹೇಳಲಿಲ್ಲ, ಉಂಡೆಯನ್ನು ಒಂದು ಸಲ ಕೈಯಲ್ಲಿ ತೂಗಿ ನೋಡಿ ಇಟ್ಟರು.

ಕಡ್ಡಿ ಮೈಗೆ 8 ನಂಬರ್, ಅಂದರೆ 4 ಮಿ.ಮೀ. ಅಂಚಿನ ಹಿಗ್ಗುವ ಪಟ್ಟಿಗೆ, ಅಂದರೆ ರಿಬ್ಬಿಗೆ, 10 ನಂಬರ್, 3.25 ಮಿ.ಮೀ. ನಮ್ಮಲ್ಲಿ ನಡೆಯುವುದು ಹಳೇ ಬ್ರಿಟಿಷ್ ನಂಬರು, ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ತಿರುಗುಮುರುಗು, ಇದೇ 4 ಮಿ.ಮೀ. ಅಲ್ಲಿ 6 ನಂಬರ್. ಎಲ್ಲಿಂದಲೋ ಬಂದ ಪ್ಯಾಟರ್ನಿನಲ್ಲಿ ನಂಬರ್ ನೋಡಿ ಮೋಸ ಹೋಗುವುದಕ್ಕಿಂತ ಮಿ.ಮೀ. ನೋಡುವುದು ಕ್ಷೇಮ.

ದಾಟಿಸುವಾಗ ಸ್ಟಿಚ್ ಹಿಡಿದಿಡುವ ಕೇಬಲ್ ಕಡ್ಡಿ ಅಂಗಡಿಯಲ್ಲಿ ಇರಲಿಲ್ಲ. ಹುಡುಗ, "ಕೇಬಲ್ಲಾ? ಪಕ್ಕದ ಎಲೆಕ್ಟ್ರಿಕಲ್ ಅಂಗಡೀಲಿ ಕೇಳಿ ಮೇಡಂ" ಅಂದ. ಅವನನ್ನು ಬೈಯುವ ಹಾಗೂ ಇಲ್ಲ. ಅಮ್ಮನ ತುರುಬಿನ ಯು ಪಿನ್ ಒಂದು ಇಸಿದುಕೊಂಡೆ. ಎರಡು ಮೂರು ಸ್ಟಿಚ್ ಹಿಡಿದುಕೊಳ್ಳಲು ಸಾಕು, ಆದರೆ ನುಣುಪು ಜಾಸ್ತಿ, ಸ್ಟಿಚ್ ಜಾರಿ ಬೀಳುತ್ತದೆ. ಆಮೇಲೆ ಎರಡೂ ತುದಿ ಚೂಪಿರುವ 10 ನಂಬರಿನ ಗಿಡ್ಡ ಕಡ್ಡಿಯೇ ಕಾಯಂ ಆಯಿತು.

ಅಳತೆ: ಪ್ಲೇನ್ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು. ಅಪ್ಪನ ಎದೆ 92, ಸಡಿಲಕ್ಕೆ 6 ಸೇರಿಸಿ 98. ಮುಂಭಾಗ 49 ಸೆಂ.ಮೀ., ಅಂದರೆ 108 ಸ್ಟಿಚ್. ಇದು ಕೇಬಲ್ ಇಲ್ಲದಿದ್ದರೆ ಬರುವ ಲೆಕ್ಕ.

ಅಕ್ಟೋಬರ್ 19, ಶನಿವಾರ

ಚಾರ್ಟು ಒಂದು ಹಳೇ ಇಂಗ್ಲಿಷ್ ಹೆಣಿಗೆ ಹಾಳೆಯದು. ನಡುವೆ 16 ಸ್ಟಿಚ್ಚಿನ ಡೈಮಂಡು, ಕೊಬ್ಬರಿ ಮಿಠಾಯಿ ಕತ್ತರಿಸುತ್ತೇವಲ್ಲ, ಅದೇ ಆಕಾರ. ಅದರ ಎರಡು ಪಕ್ಕ 4 ಸ್ಟಿಚ್ಚಿನ ಒಂದೊಂದು ಹಗ್ಗ. ಮಧ್ಯೆ ಮಧ್ಯೆ, ಹಗ್ಗಗಳ ಆಚೆಗೂ, ಎರಡೆರಡು ಪರ್ಲ್, ಅಂದರೆ ಗಂಟಾಗಿ ಕಾಣುವ ಉಲ್ಟಾ ಸ್ಟಿಚ್ (ನುಣ್ಣಗೆ ಕಾಣುವುದು ಪ್ಲೇನ್). ಒಟ್ಟು ಪಟ್ಟಿ 32 ಸ್ಟಿಚ್. ಡೈಮಂಡು 28 ಸಾಲಿಗೆ ಒಂದು ಸುತ್ತು ಮುಗಿಸುತ್ತದೆ, ಹಗ್ಗಗಳು ಪ್ರತಿ 4 ಸಾಲಿಗೊಮ್ಮೆ ಹೆಣೆದುಕೊಳ್ಳುತ್ತವೆ.

ಈ ಜಾತಿಯ ಹೆಣಿಗೆಯ ತವರು ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಲ್ಲಿರುವ ಆರನ್ ದ್ವೀಪಗಳು. ಒಂದೊಂದು ಮನೆತನಕ್ಕೆ ಒಂದೊಂದು ಡಿಸೈನು, ಸಮುದ್ರದಲ್ಲಿ ಸತ್ತವರನ್ನು ಸ್ವೆಟರ್ ನೋಡಿ ಗುರುತು ಹಿಡಿಯುತ್ತಿದ್ದರು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆಧಾರವಿಲ್ಲ. ಈ ಸ್ವೆಟರುಗಳಿಗೆ ಹೆಚ್ಚೆಂದರೆ ನೂರು ಚಿಲ್ಲರೆ ವರ್ಷದ ಚರಿತ್ರೆ. ಕುಕ್ಕರಹಳ್ಳಿಯಲ್ಲಂತೂ ಕತ್ತಲಲ್ಲಿ ಎಲ್ಲರನ್ನೂ ಗುರುತು ಹಿಡಿಯುವುದು ಕೆಮ್ಮಿನಿಂದ.

ಅಮ್ಮ ಚಾರ್ಟ್ ನೋಡಿ, "ಇದೇನು, ಚುಕ್ಕಿ ರಂಗೋಲಿನಾ?" ಅಂದರು. ಪೂರ್ತಿ ತಪ್ಪೂ ಅಲ್ಲ. ಖಾಲಿ ಚೌಕ ಅಂದರೆ ಪ್ಲೇನ್, ಚುಕ್ಕಿ ಇಟ್ಟ ಚೌಕ ಅಂದರೆ ಪರ್ಲ್. ರಂಗೋಲಿಗೂ ಇದಕ್ಕೂ ವ್ಯತ್ಯಾಸ ಒಂದೇ: ರಂಗೋಲಿಯನ್ನು ಯಾವ ಮೂಲೆಯಿಂದ ಬೇಕಾದರೂ ಶುರು ಮಾಡಬಹುದು, ಇಲ್ಲಿ ಕೆಳಗಿನ ಸಾಲಿನಿಂದಲೇ ಮೇಲಕ್ಕೆ ಹೋಗಬೇಕು. ಬಲಗೈಯವರು ಸೀದಾ ಕಡೆಯ ಸಾಲನ್ನು ಬಲದಿಂದ ಎಡಕ್ಕೆ ಓದುತ್ತಾರೆ, ಉಲ್ಟಾ ಕಡೆಯ ಸಾಲನ್ನು ಎಡದಿಂದ ಬಲಕ್ಕೆ. ಅದಕ್ಕೇ 1, 3, 5 ಅಂತ ಬೆಸ ಸಂಖ್ಯೆಗಳನ್ನು ಬಲತುದಿಯಲ್ಲಿ ಅಚ್ಚು ಹಾಕಿರುತ್ತಾರೆ, ಸಂಖ್ಯೆ ಎಲ್ಲಿದೆಯೋ ಅಲ್ಲಿಂದ ಶುರು ಅಂತ. ಎಡಗೈಯವರು ಇದನ್ನು ಪೂರ್ತಿ ತಿರುಗಿಸಿಕೊಳ್ಳಬೇಕು ಅಂತ ಯಾರೋ ಹೇಳಿದ್ದು ನೆನಪಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಗೆ ದೊಡ್ಡದು ಮಾಡಿಸಿ, ಸಂಖ್ಯೆಗಳಿಗೆ ಬಿಳಿ ಬಳಿದು, ಬೆಸದವನ್ನು ಎಡಕ್ಕೆ, ಸಮದವನ್ನು ಬಲಕ್ಕೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ.

ಅದು ಸರಿಯೋ ತಪ್ಪೋ ಅಂತ ಒಂದು ಸಣ್ಣ ಪರೀಕ್ಷೆ. 12 ಚೌಕದ ಹಾಳೆಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಬರೆದು, ಅಕ್ಷರವನ್ನು ಪರ್ಲಿನಲ್ಲೂ ಹಿನ್ನೆಲೆಯನ್ನು ಪ್ಲೇನಿನಲ್ಲೂ ಹೆಣೆದೆ. (ಕನ್ನಡ ಅಕ್ಷರಕ್ಕೆ 12 ಚೌಕ ಸಾಲದು, ನಮ್ಮವೆಲ್ಲ ದುಂಡಗೆ.) ಅಚ್ಚಾದ ಹಾಗೆ ಬಲದಿಂದ ಓದಿ ಹೆಣೆದದ್ದು ಆಂಬುಲೆನ್ಸಿನ ಮುಂದೆ ಬರೆದ ಹಾಗೆ ತಿರುಗಿ ಬಂತು. ಎಡದಿಂದ ಓದಿದ್ದು ಸರಿಯಾಗಿ ಎಲ್ ಆಯಿತು. ಬಹಳ ಖುಷಿಯಾಯಿತು. ಮಾರನೇ ದಿನ ಆದದ್ದಕ್ಕೆ ಈ ಖುಷಿಯೇ ಕಾರಣ.

ಅಕ್ಟೋಬರ್ 20, ಭಾನುವಾರ

40 ಸ್ಟಿಚ್ಚಿನ ಮಾದರಿ ತುಂಡು ಹಾಕಿದೆ. 32ರ ಪಟ್ಟಿ, ಅಂಚಿಗೆ ನಾಲ್ಕು ನಾಲ್ಕು. ಮೊದಲ ಸಾಲಲ್ಲಿ ನಡುವಿನ ನಾಲ್ಕು ಸ್ಟಿಚ್ ಒಂದರ ಮೇಲೊಂದು ದಾಟಿದವು, ಎರಡೂ ಹಗ್ಗ ದಾಟಿದವು, ಎಲ್ಲ ಚೆನ್ನಾಗಿ ಕಂಡಿತು. ಮೂರನೇ ಸಾಲಲ್ಲಿ ಡೈಮಂಡಿನ ಎರಡು ಎಳೆ ಬೇರೆಯಾಗಿ ಒಂದು ಎಡಕ್ಕೆ ಒಂದು ಬಲಕ್ಕೆ ಒಂದೊಂದು ಹೆಜ್ಜೆ ಇಡಬೇಕು. ಇಡಲಿಲ್ಲ. ಎಳೆ ಇದ್ದಲ್ಲೇ ನಿಂತು, ಪರ್ಲ್ ಇರಬೇಕಾದ ಕಡೆ ಪ್ಲೇನ್, ಪ್ಲೇನ್ ಇರಬೇಕಾದ ಕಡೆ ಪರ್ಲ್ ಗಂಟು ಬಂತು. ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಅದೇ. ಮೂರನೇ ಸಲ ಬಿಚ್ಚುವ ಹೊತ್ತಿಗೆ ಚಾರ್ಟೇ ತಪ್ಪಾಗಿ ಅಚ್ಚಾಗಿದೆ ಅಂತ ತೀರ್ಮಾನಿಸಿ ಕಾಫಿ ಕುಡಿಯಲು ಎದ್ದೆ.

ಚಾರ್ಟು ತಪ್ಪಿರಲಿಲ್ಲ. ಎಳೆಯ ಎರಡು ಪ್ಲೇನ್, ಪಕ್ಕದ ಒಂದು ಪರ್ಲ್, ಆ ಮೂರು ಸ್ಟಿಚ್ಚನ್ನೇ ಹಿಡಿದು ನೋಡೋಣ. ಎಡಗಡೆಯ ಎಳೆ ಎಡಕ್ಕೆ ವಾಲಬೇಕು. ನಾನು ಎಡದಿಂದ ಬರುವಾಗ ನನ್ನ ಕಡ್ಡಿಯ ತುದಿಯಲ್ಲಿ ಎದುರಾಗುವುದು ಪರ್ಲ್, ಪ್ಲೇನ್, ಪ್ಲೇನ್. ಚಾರ್ಟಿನ ಕೆಳಗಿನ ಚಿಹ್ನೆ ಪಟ್ಟಿಯಲ್ಲಿ ಎಡಕ್ಕೆ ವಾಲುವ ಗೆರೆಗೆ ಹೀಗೆ ಬರೆದಿದೆ: ಮೊದಲ ಎರಡು ಸ್ಟಿಚ್ ಕೇಬಲ್ ಕಡ್ಡಿಗೆ ತೆಗೆದು ಮುಂದೆ ಹಿಡಿ, ಮುಂದಿನ ಒಂದನ್ನು ಪರ್ಲ್ ಮಾಡು, ಕೇಬಲ್ ಕಡ್ಡಿಯ ಎರಡನ್ನು ಪ್ಲೇನ್ ಮಾಡು. ಬಲಗೈಯವರಿಗೆ ಆ ಮೊದಲ ಎರಡು ಸ್ಟಿಚ್ ಅಂದರೆ ಎಳೆಯ ಎರಡು ಪ್ಲೇನ್. ಅವರು ಬಲದಿಂದ ಬರುತ್ತಾರಲ್ಲ. ನನಗೆ ಮೊದಲ ಎರಡು ಅಂದರೆ ಒಂದು ಪರ್ಲ್, ಒಂದು ಪ್ಲೇನ್. ಎಳೆಯನ್ನೇ ನಡುವಿಗೆ ಸೀಳಿ, ಅರ್ಧ ಪಿನ್ನಿಗೆ ಹಾಕಿ ಅರ್ಧವನ್ನು ಪರ್ಲ್ ಮಾಡುತ್ತಿದ್ದೆ. ಗಂಟು ಬರದೆ ಇನ್ನೇನು ಬರುತ್ತದೆ!

ಓದುವ ದಿಕ್ಕನ್ನು ತಿರುಗಿಸಿಕೊಂಡಿದ್ದೆ, ಕೈಗೆ ಹೇಳಿದ ಮಾತನ್ನು ತಿರುಗಿಸಿಕೊಂಡಿರಲಿಲ್ಲ.

ಇದು ಮನಸ್ಸಿಗೆ ಇಳಿಯಲು ತಂಗಿ ಮಗಳ ಸ್ಕೂಲು ರಿಬ್ಬನ್ ಎರಡು, ಕೆಂಪು ಬಿಳಿ, ಮೇಜಿನ ಮೇಲೆ ಪಕ್ಕಪಕ್ಕ ಹಾಸಿದೆ. ಎಡಗಡೆ ಕೆಂಪು, ಬಲಗಡೆ ಬಿಳಿ. ನಾನು ಎಡದಿಂದ ಬರುವವಳು, ಮೊದಲು ಸಿಗುವುದು ಕೆಂಪು. ಅದನ್ನು ಮುಂದೆ ಹಿಡಿದರೆ ಕೆಂಪು ಮೇಲಾಗಿ ಬಲಕ್ಕೆ ದಾಟುತ್ತದೆ. ಹಿಂದೆ ಹಿಡಿದರೆ ಬಿಳಿ ಮೇಲಾಗಿ ಎಡಕ್ಕೆ ದಾಟುತ್ತದೆ. ಅಷ್ಟೇ ಇರುವುದು. ಬಲಗೈಯವರಿಗೆ ಮುಂದೆ ಹಿಡಿದರೆ ಎಡಕ್ಕೆ, ಹಿಂದೆ ಹಿಡಿದರೆ ಬಲಕ್ಕೆ. ಚಾರ್ಟಿನ ಗೆರೆ ತೋರಿಸುವುದು ಬಟ್ಟೆಯ ಮೇಲೆ ಕಣ್ಣಿಗೆ ಕಾಣುವುದನ್ನು, ಅದಕ್ಕೆ ಎಡಗೈ ಬಲಗೈ ಇಲ್ಲ. ಕೆಳಗಿನ ಚಿಹ್ನೆ ಪಟ್ಟಿ ಮಾತ್ರ ಬಲಗೈಯವರಿಗೆ ಬರೆದ ಮಾತು.

ಬಿಳಿ ಕಾಗದದಲ್ಲಿ ನನ್ನದೇ ಪಟ್ಟಿ ಬರೆದು ಅವರ ಪಟ್ಟಿಯ ಮೇಲೆ ಅಂಟಿಸಿಬಿಟ್ಟೆ. ಎಡಕ್ಕೆ ವಾಲುವ ಗೆರೆ: ಒಂದನ್ನು ಹಿಂದೆ ಹಿಡಿ, ಎರಡು ಪ್ಲೇನ್, ಹಿಡಿದದ್ದು ಪರ್ಲ್. ಬಲಕ್ಕೆ ವಾಲುವ ಗೆರೆ: ಎರಡನ್ನು ಮುಂದೆ ಹಿಡಿ, ಒಂದು ಪರ್ಲ್, ಹಿಡಿದದ್ದು ಪ್ಲೇನ್. ಹೋಲಿಸಿ ನೋಡಿದರೆ ಇದು ಅವರದೇ ಎರಡು ಸಾಲು, ಜಾಗ ಅದಲು ಬದಲು ಅಷ್ಟೇ. ಕಡಿಮೆ ಮಾಡುವ ಸ್ಟಿಚ್ಚಿಗೂ ಇದೇ ನಿಯಮ. ಎರಡನ್ನು ಸೇರಿಸಿ ಒಂದು ಪ್ಲೇನ್ ಮಾಡಿದರೆ ಅವರದು ಬಲಕ್ಕೆ ವಾಲುತ್ತದೆ, ನಮ್ಮದು ಎಡಕ್ಕೆ.

ಇಷ್ಟೆಲ್ಲ ಬೇಕಿತ್ತೇ ಅಂತ ಕೇಳಿದರೆ, ನಿಜ ಹೇಳುತ್ತೇನೆ, ಈ ಸ್ವೆಟರಿಗೆ ಬೇಕಿರಲಿಲ್ಲ. ಏನನ್ನೂ ಮುಟ್ಟದೆ, ಅಚ್ಚಾದ ಸಂಖ್ಯೆಯಂತೆ ಬಲದಿಂದಲೇ ಓದಿ, ಅವರು ಹೇಳಿದ ಹಾಗೆ ಮುಂದೆ ಅಂದರೆ ಮುಂದೆ, ಹಿಂದೆ ಅಂದರೆ ಹಿಂದೆ ಹಿಡಿದಿದ್ದರೂ ಸರಿಯಾಗಿಯೇ ಬರುತ್ತಿತ್ತು. ಇಡೀ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತಿತ್ತು, ಎರಡು ಪಕ್ಕ ಒಂದೇ ಥರ ಇರುವ ಡೈಮಂಡಿಗೆ ಕನ್ನಡಿಯಾದರೇನು! ಆ ದಾರಿ ಹಿಡಿಯುವವರು ಚಾರ್ಟಿನ ಫೋಟೊ ತೆಗೆದು ಫೋನಿನಲ್ಲಿ ಅಡ್ಡಕ್ಕೆ ಮಗುಚಿ ಇಟ್ಟುಕೊಂಡರೆ ಕೈಯಲ್ಲಿರುವುದಕ್ಕೂ ಚಿತ್ರಕ್ಕೂ ತಾಳೆಯಾಗುತ್ತದೆ. ಚಾರ್ಟಿಲ್ಲದೆ ಬರೀ ಬರಹದಲ್ಲಿರುವ ಪ್ಯಾಟರ್ನಿಗೂ ಇದೇ ಸುಲಭ. ತೊಂದರೆ ಬರುವುದು ಅಕ್ಷರ ಇದ್ದಾಗ, ಒಂದೇ ಪಕ್ಕದಲ್ಲಿ ಬಳ್ಳಿ ಗಿಳ್ಳಿ ಇದ್ದಾಗ, ಮುಂದೆ ಗುಂಡಿ ಇರುವ ಸ್ವೆಟರಿಗೆ. ಎಡದ ಮುಂಭಾಗ ಅಂತ ಬರೆದದ್ದು ಬಲದ್ದಾಗಿ, ಗಂಡಸರ ಗುಂಡಿ ಹೆಂಗಸರ ಕಡೆಗೆ ಬಂದುಬಿಡುತ್ತದೆ. ಎರಡು ದಾರಿಯಲ್ಲಿ ಯಾವುದಾದರೂ ಸರಿ, ಅರ್ಧ ಇದು ಅರ್ಧ ಅದು ಕೂಡದು. ಮೂರು ಸಲ ಬಿಚ್ಚಿದವಳ ಮಾತು.

ಮಾದರಿ ಮುಗಿಸಿ ಅಳೆದೆ. 32 ಸ್ಟಿಚ್ ಪ್ಲೇನಿನಲ್ಲಿ ಹದಿನಾಲ್ಕೂವರೆ ಸೆಂ.ಮೀ. ಬರಬೇಕಿತ್ತು, ಕೇಬಲ್ ಎಳೆದು ಹನ್ನೊಂದೂವರೆಗೆ ನಿಲ್ಲಿಸಿದೆ. 3 ಸೆಂ.ಮೀ. ಕಮ್ಮಿ. ಅದನ್ನು ತುಂಬಲು 6 ಸ್ಟಿಚ್ ಸೇರಿಸಿ ಮುಂಭಾಗ 114 ಅಂತ ಮಾಡಿಕೊಂಡೆ: 41, ನಡುವೆ 32, 41.

ನವೆಂಬರ್ 1, ಶುಕ್ರವಾರ

ರಾಜ್ಯೋತ್ಸವ, ದೀಪಾವಳಿ ಎರಡರ ರಜೆ. 110 ಸ್ಟಿಚ್ ಹಾಕಿ 2 ಪ್ಲೇನ್ 2 ಪರ್ಲ್ ರಿಬ್ಬು 6 ಸೆಂ.ಮೀ. ಎರಡು ತುದಿಯಲ್ಲೂ ಎರಡು ಪ್ಲೇನ್ ಬರಲಿ ಅಂತ 110. ಕೊನೇ ಸಾಲಿನಲ್ಲಿ ಹಗ್ಗ ಬರುವ ಜಾಗದಲ್ಲಿ ಎರಡೆರಡರಂತೆ ನಾಲ್ಕು ಏರಿಸಿ 114 ಮಾಡಿದೆ. ಪಟಾಕಿ ಹೊಗೆಗೆ ಕಿಟಕಿ ಹಾಕಿ ಕೂತೆ. ಬೇರೆ ಹೇಳುವಂಥದ್ದೇನೂ ಇಲ್ಲ.

ನವೆಂಬರ್ 4ರಿಂದ 16

ನನ್ನ ಕೆಲಸ ಮಂಡ್ಯದಲ್ಲಿ. ದಿನಾ ಬೆಳಿಗ್ಗೆ ರೈಲು, ಸಂಜೆ ರೈಲು. ಎಡಗೈಯವರು ರೈಲಿನಲ್ಲಿ ಹೆಣೆಯಬೇಕಾದರೆ ಕಿಟಕಿ ಎಡಗಡೆಗೆ ಬರುವ ಸೀಟೇ ಆಗಬೇಕು, ಇಲ್ಲದಿದ್ದರೆ ಮೊಣಕೈ ಪಕ್ಕದವರ ಪಕ್ಕೆಗೆ. ಚಾರ್ಟನ್ನು ರಟ್ಟಿಗೆ ಕ್ಲಿಪ್ ಮಾಡಿ, ಒಂದು ಸ್ಕೇಲನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡಿದ್ದೆ. ಸ್ಕೇಲು ಹೆಣೆಯುವ ಸಾಲಿನ ಮೇಲ್ಗಡೆ ಇರಬೇಕು. ಕೆಳಗಡೆ ಇಟ್ಟರೆ ಹೆಣೆದು ಮುಗಿಸಿದ್ದು ಮುಚ್ಚಿಹೋಗುತ್ತದೆ, ಕೈಯಲ್ಲಿರುವ ಬಟ್ಟೆಗೆ ಹೋಲಿಸಿ ನೋಡಲು ಬೇಕಾದದ್ದೇ ಅದು. ಉಲ್ಟಾ ಕಡೆಯ ಸಾಲಿಗೆ ಚಾರ್ಟೇ ಬೇಡ. ಪ್ಲೇನಾಗಿ ಕಂಡದ್ದನ್ನು ಪ್ಲೇನ್, ಪರ್ಲಾಗಿ ಕಂಡದ್ದನ್ನು ಪರ್ಲ್ ಮಾಡಿಕೊಂಡು ಹೋದರಾಯಿತು.

ಶ್ರೀರಂಗಪಟ್ಟಣದಲ್ಲಿ ಹತ್ತಿದ ಒಬ್ಬ ಹೆಂಗಸು ಬಹಳ ಹೊತ್ತು ನೋಡಿ, "ಏನವ್ವ, ಎಲ್ರೂ ಆ ಕಡೆಯಿಂದ ಹೆಣುದ್ರೆ ನೀನು ಈ ಕಡೆಯಿಂದ ಹೆಣಿತಿದ್ದೀಯಲ್ಲ, ಬಿಚ್ಕೊಳಾಕಿಲ್ವಾ?" ಅಂದರು. ಬಿಚ್ಕೊಳ್ಳಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅಂಚು ಹಿಡಿದು ಒಂದು ಸಲ ಎಳೆದೇ ನೋಡಿದರು.

ಇಲ್ಲಿ ಒಂದು ಮಾತು. ಡೈಮಂಡು ಮೋಸ ಮಾಡುವುದಿಲ್ಲ. ಎಳೆ ತಪ್ಪು ದಿಕ್ಕಿಗೆ ದಾಟಿದರೆ ಅಲ್ಲೇ ಗಂಟಾಗಿ ಕೂಗಿ ಹೇಳುತ್ತದೆ. ಹಗ್ಗ ಹಾಗಲ್ಲ. ಎರಡರ ಮೇಲೆ ಎರಡು ದಾಟುವುದು, ಎರಡು ಕಡೆಯೂ ಪ್ಲೇನೇ. ಮುಂದೆ ಹಿಡಿದರೂ ಹಿಂದೆ ಹಿಡಿದರೂ ನಾಲ್ಕು ಸ್ಟಿಚ್ ಸುಮ್ಮನೆ ಕೂರುತ್ತವೆ. ತಪ್ಪು ಗೊತ್ತಾಗುವುದು ಇನ್ನೂ ನಾಲ್ಕೆಂಟು ಸಾಲು ಮೇಲೆ ಹೋಗಿ, ದೂರ ಹಿಡಿದು ನೋಡಿದಾಗ. ನನಗೆ ಗೊತ್ತಾಗಲು ಹದಿನಾರು ಸಾಲು ಬೇಕಾಯಿತು.

ನವೆಂಬರ್ 17, ಭಾನುವಾರ

52 ಸಾಲಾಗಿತ್ತು. ಒಂದು ಡೈಮಂಡು ಮುಗಿದು ಎರಡನೆಯದು ಮುಚ್ಚಿಕೊಳ್ಳುತ್ತ ಬಂದಿತ್ತು. ಸೋಫಾ ಮೇಲೆ ಹರಡಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು, "ಈ ಜಡೆ ಇಲ್ಲೊಂದು ಕಡೆ ಬಿಚ್ಚಿದ ಹಾಗಿದೆಯಲ್ಲೇ" ಅಂದರು. ಎಡಗಡೆಯ ಹಗ್ಗ, 37ನೇ ಸಾಲು. ಎಲ್ಲ ಕಡೆ ಎಡಕ್ಕೆ ಹೊರಳುವ ಹಗ್ಗ ಅದೊಂದು ಕಡೆ ಬಲಕ್ಕೆ ಹೊರಳಿ, ಹಗ್ಗದ ತಿರುವಿನ ಬದಲು 8ರ ಆಕಾರದ ಒಂದು ಉಬ್ಬು ನಿಂತಿತ್ತು. ಪಾಂಡವಪುರ ದಾಟಿದ ಮೇಲೆ ಚಾರ್ಟ್ ಚೀಲಕ್ಕೆ ಹಾಕಿ, ಇನ್ನು ಬಾಯಿಪಾಠ ಅಂತ ಹೆಣೆದ ಸಾಲು ಅದು. ನೆನಪಿದೆ.

37ರವರೆಗೆ ಪೂರ್ತಿ ಬಿಚ್ಚಿದರೆ 16 ಸಾಲು, ಸಾಲಿಗೆ 114, ಅಂದರೆ 1,824 ಸ್ಟಿಚ್. ಬೇಕಿಲ್ಲ. ಹಾಳಾದದ್ದು ನಾಲ್ಕು ಸ್ಟಿಚ್ಚಿನ ಹಗ್ಗ ಮಾತ್ರ, ಅದೊಂದನ್ನೇ ಕೆಳಗಿಳಿಸಿ ರಿಪೇರಿ ಮಾಡಬಹುದು. ಕೇಳಲು ಭಯ, ಮಾಡಲು ಒಂದೂವರೆ ಗಂಟೆ. ಹೀಗೆ ಮಾಡಿದೆ.

ಹಗಲು ಬೆಳಕು ಬೇಕು, ಆದ್ದರಿಂದ ಊಟಕ್ಕೆ ಮುಂಚೆ. ಸೀದಾ ಕಡೆ ಮೇಲಾಗಿ ಇಸ್ತ್ರಿ ಮಾಡುವ ದಪ್ಪ ಬಟ್ಟೆಯ ಮೇಲೆ ಹಾಸಿ, ಗುಂಡುಪಿನ್ನಿನಿಂದ ಸುತ್ತ ಚುಚ್ಚಿದೆ. 36ನೇ ಸಾಲಿನಲ್ಲಿ, ಅಂದರೆ ತಪ್ಪಿಗಿಂತ ಒಂದು ಸಾಲು ಕೆಳಗೆ, ಹಗ್ಗದ ನಾಲ್ಕೂ ಸ್ಟಿಚ್ಚಿನ (ಸ್ಟಿಚ್ ಕಾಣುವುದು ಇಂಗ್ಲಿಷಿನ ವಿ ಹಾಗೆ, ಎರಡು ಕಾಲು) ಬಲಗಾಲುಗಳೊಳಗೆ ಒಂದು ಬಣ್ಣದ ನೂಲು ಪೋಣಿಸಿಟ್ಟೆ. ಇಳಿಯುವುದು ಅಲ್ಲಿಗೆ ನಿಲ್ಲಲಿ ಅಂತ. ಇದನ್ನು ಮರೆಯಬಾರದು, ಮರೆತರೆ ಸ್ಟಿಚ್ ರಿಬ್ಬಿನವರೆಗೂ ಓಡುತ್ತದೆ. ಆಮೇಲೆ 52ನೇ ಸಾಲಿನಲ್ಲಿ ಆ ನಾಲ್ಕನ್ನು ಕಡ್ಡಿಯಿಂದ ಬಿಟ್ಟೆ. ಅಕ್ಕಪಕ್ಕದ ಸ್ಟಿಚ್ ಜಾರದಿರಲು ಎರಡು ಕಡೆಗೂ ಸೇಫ್ಟಿ ಪಿನ್. ಒಂದೊಂದು ಸಾಲನ್ನೇ ಬೆರಳಲ್ಲಿ ಬಿಡಿಸುತ್ತ ಇಳಿದರೆ ಏಣಿಯ ಮೆಟ್ಟಿಲುಗಳ ಹಾಗೆ ಅಡ್ಡಡ್ಡ ಎಳೆಗಳು ಉಳಿಯುತ್ತವೆ. 16 ಮೆಟ್ಟಿಲು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಅಮ್ಮ ಅಡುಗೆಮನೆಗೆ ಹೋಗಿಬಿಟ್ಟರು, ನೋಡಲಾಗಲಿಲ್ಲವಂತೆ.

ನಾಲ್ಕು ಸ್ಟಿಚ್ಚನ್ನು ಎರಡು ತುದಿಯ 10 ನಂಬರ್ ಕಡ್ಡಿಗೆ ಹತ್ತಿಸಿದೆ. ಹೆಣೆಯುವ ಕಡ್ಡಿ 8, ರಿಪೇರಿಗೆ ಅದಕ್ಕಿಂತ ಸಣ್ಣದು ಇರಬೇಕು, ದಪ್ಪ ಕಡ್ಡಿ ಅಷ್ಟು ಚಿಕ್ಕ ಸಂದಿಯಲ್ಲಿ ಆಡುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು 37ನೇ ಸಾಲಿನದು. ಅದರಲ್ಲಿ ಈ ಸಲ ಸರಿಯಾಗಿ ಎಡದ ಎರಡನ್ನು ಹಿಂದೆ ಹಿಡಿದು ದಾಟಿಸಿ, ನಾಲ್ಕನ್ನೂ ಎಡದಿಂದ ಬಲಕ್ಕೆ ಪ್ಲೇನ್ ಮಾಡಿದೆ. ಮುಗಿದ ಮೇಲೆ ಬಟ್ಟೆ ತಿರುಗಿಸುವ ಹಾಗಿಲ್ಲ, ಪಿನ್ ಚುಚ್ಚಿದೆಯಲ್ಲ. ಸ್ಟಿಚ್ಚುಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ಮೇಲಿನ ಮೆಟ್ಟಿಲಿನಿಂದ ಮತ್ತೆ ಎಡದಿಂದಲೇ ಶುರು. ಉಲ್ಟಾ ಕಡೆಯಿಂದ ಪರ್ಲಾಗಿ ಹೆಣೆದಿದ್ದ ಸಾಲನ್ನೂ ಈಗ ಸೀದಾ ಕಡೆಯಿಂದ ಪ್ಲೇನಾಗಿ ಹೆಣೆದರೆ ಒಂದೇ. 41, 45, 49ರಲ್ಲಿ ಮತ್ತೆ ದಾಟಿಸಬೇಕು, ಅವೂ ಬಿಚ್ಚಿಹೋಗಿದ್ದವಲ್ಲ. 44ನೇ ಮೆಟ್ಟಿಲಿನಲ್ಲಿ ಒಮ್ಮೆ ಎಡವಿದೆ, 45ರ ಎಳೆ ಮೊದಲು ಕೈಗೆ ಬಂದುಬಿಟ್ಟಿತು. ಎರಡು ಸಾಲು ಹಿಂದೆ ಬಂದು, ಮಿಕ್ಕ ಮೆಟ್ಟಿಲುಗಳನ್ನೆಲ್ಲ ಮೇಲಕ್ಕೆ ಸರಿಸಿ ಒಂದು ಪಿನ್ನಿನಿಂದ ಹಿಡಿದಿಟ್ಟು, ಒಂದೊಂದನ್ನೇ ಬಿಡುತ್ತ ಬಂದೆ. ಮೊದಲೇ ಹಾಗೆ ಮಾಡಬೇಕಿತ್ತು.

ಕೊನೆಗೆ ಹಗ್ಗದ ಬಲ ಅಂಚಿನ ಸ್ಟಿಚ್ಚುಗಳು ಸಡಿಲವಾಗಿ, ಎಡ ಅಂಚಿನವು ಬಿಗಿಯಾಗಿ ನಿಂತವು. ಕಡ್ಡಿ ತುದಿಯಿಂದ ಒಂದೊಂದೇ ಕಾಲು ಎತ್ತಿ ಸಡಿಲವನ್ನು ಬಿಗಿಯ ಕಡೆಗೆ ಹಂಚಿದೆ. ಪೂರ್ತಿ ಹೋಗಲಿಲ್ಲ. 37ನೇ ಸಾಲಿನ ಹತ್ತಿರ ಬೆರಳಿಟ್ಟರೆ ಇವತ್ತಿಗೂ ನನಗೆ ಗೊತ್ತಾಗುತ್ತದೆ, ಬೇರೆಯವರಿಗೆ ಆಗುವುದಿಲ್ಲ.

ಅವತ್ತಿನಿಂದ ರೈಲಿನಲ್ಲಿ ಹಗ್ಗ ದಾಟಿಸುವ ಸಾಲು ಹೆಣೆಯುವುದಿಲ್ಲ. ಮಂಡ್ಯ ಬರುವವರೆಗೆ ಬರೀ ಉಲ್ಟಾ ಸಾಲು ಮತ್ತು ದಾಟಿಸುವುದು ಬರದ ಸಾಲು. ಡೈಮಂಡು ಹೆಚ್ಚುಕಡಿಮೆ ಪ್ರತಿ ಸೀದಾ ಸಾಲಲ್ಲೂ ಹೆಜ್ಜೆ ಇಡುವುದರಿಂದ, ಅಂದರೆ ದಿನಕ್ಕೆ ಒಂದು ಸಾಲು. ಮಿಕ್ಕಿದ್ದೆಲ್ಲ ಮನೆಯಲ್ಲಿ, ರಾತ್ರಿ ಊಟದ ಮೇಲೆ.

ನವೆಂಬರ್ 30ರಿಂದ ಡಿಸೆಂಬರ್ 5

140 ಸಾಲಿಗೆ ಐದು ಡೈಮಂಡು ಮುಗಿದವು, ಅಲ್ಲಿಂದ ದುಂಡು ಕತ್ತು. 96ನೇ ಸಾಲಿನಲ್ಲೇ ಕಂಕುಳು ಇಳಿಸಿದ್ದೆ. ಕತ್ತಿನ ಎರಡು ಪಕ್ಕಕ್ಕೂ ಕಡಿಮೆ ಮಾಡುವಾಗ ಅಂಟಿಸಿದ ಪಟ್ಟಿ ಮತ್ತೆ ಕೆಲಸಕ್ಕೆ ಬಂತು. ನೋಡುವವರ ಎಡಗಡೆಯ ಇಳಿಜಾರು ಎಡಕ್ಕೆ ವಾಲಬೇಕು, ಅಲ್ಲಿಗೆ ನಮ್ಮದು ಎರಡು ಸೇರಿಸಿ ಒಂದು ಪ್ಲೇನ್. ತಪ್ಪು ಮಾಡದೆ ಮುಗಿಸಿದೆ, ಅದಕ್ಕೇ ಅದರ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ.

ಮುಂಭಾಗವನ್ನು ಒಗೆದು ಅಳತೆಗೆ ಹಾಸಿ ಒಣಗಿಸೋಣ ಅಂತ ಭಾನುವಾರ ನೀರಿಗೆ ಹಾಕಿದೆ. ಅವತ್ತೇ ಫೆಂಗಲ್ ಚಂಡಮಾರುತದ ಮೋಡ ನಮ್ಮ ಕಡೆಗೂ ಬಂತು. ಮಳೆ, ಮೂಡಗಾಳಿ, ಥಂಡಿ. ಟವೆಲಿನಲ್ಲಿ ಸುತ್ತಿ ನೀರು ಹಿಂಡಿ ಚಾಪೆ ಮೇಲೆ ಹಾಸಿದ್ದು ಗುರುವಾರದವರೆಗೂ ಒಣಗಲಿಲ್ಲ. ಫ್ಯಾನಿನ ಕೆಳಗಿಟ್ಟೆ. ಇಸ್ತ್ರಿಪೆಟ್ಟಿಗೆ ಒಂದು ಸಲ ಆಡಿಸಿಬಿಡೇ ಅಂತ ಅಮ್ಮ ಅಂದರು. ಬೇಡ ಅಂದೆ. ಅಕ್ರಿಲಿಕ್ ಬಿಸಿ ತಗುಲಿದರೆ ಜೀವ ಬಿಟ್ಟು ಜೋತುಬೀಳುತ್ತದೆ, ಮತ್ತೆ ಎದ್ದು ಕೂರುವುದಿಲ್ಲ. ಉಬ್ಬಿ ನಿಲ್ಲಬೇಕಾದ ಹಗ್ಗ ಅಪ್ಪಳದ ಹಾಗೆ ಚಪ್ಪಟೆ. ಅದೇ ವಾರ ಅಪ್ಪ ಮೂರು ದಿನ ವಾಕಿಂಗ್ ಹೋಗದೆ, ಬಾಗಿಲಲ್ಲಿ ನಿಂತು ಮಳೆ ನೋಡುತ್ತ, ಸ್ವೆಟರು ಎಲ್ಲಿಗೆ ಬಂತು ಅಂತ ಎರಡು ಸಲ ಕೇಳಿದರು.

ಡಿಸೆಂಬರ್ 29, ಭಾನುವಾರ

ಬೆನ್ನಿನ ಭಾಗ ಬರೀ ಪ್ಲೇನ್, 110 ಸ್ಟಿಚ್. ರೈಲಿನಲ್ಲೇ ಮುಗಿಯಿತು. ಭುಜ ಸೇರಿಸಿ, ಪಕ್ಕ ಹೊಲಿದು, ಕತ್ತು ಕಂಕುಳಿಗೆ ರಿಬ್ಬು ಎತ್ತಿ ಹೆಣೆದೆ. ಏಳೂವರೆ ಉಂಡೆ ಹಿಡಿಯಿತು. ಧನುರ್ಮಾಸ ಶುರುವಾಗಿ ಎರಡು ವಾರವಾಗಿತ್ತು, ಅಷ್ಟು ದಿನ ಅಪ್ಪ ಹಳೇ ತೇಪೆ ಸ್ವೆಟರಿನಲ್ಲೇ ಹೋದರು.

ಸೋಮವಾರ ಬೆಳಿಗ್ಗೆ ವಾಕಿಂಗಿನಿಂದ ಬಂದವರು, "ಬೆಚ್ಚಗಿದೆಯಮ್ಮ, ಕತ್ತು ಮಾತ್ರ ಹಿಡಿಯುತ್ತೆ, ಗಂಟಲಿಗೆ ಬರುತ್ತೆ" ಅಂದರು. ನನ್ನ ಎದೆ ಧಸಕ್ಕೆಂದಿತು. 24 ಸಾಲು, 8 ಸೆಂ.ಮೀ. ಇಳಿಸಿದ್ದೇನೆ, ಕತ್ತಿನ ರಿಬ್ಬು ಬಿಗಿಯಾಯಿತೋ, ಒಗೆದಾಗ ಕುಗ್ಗಿತೋ ಅಂತ ಟೇಪು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದೆ. ಅಪ್ಪ ಕಾಫಿ ಲೋಟ ತೆಗೆದುಕೊಳ್ಳಲು ಆ ಕಡೆ ತಿರುಗಿದರು. ಐದೂ ಡೈಮಂಡು ಬೆನ್ನ ಮೇಲಿದ್ದವು. ಕತ್ತಲಲ್ಲಿ ಹಿಂದುಮುಂದಾಗಿ ಹಾಕಿಕೊಂಡು ಇಡೀ ಕೆರೆ ಸುತ್ತಿ ಬಂದಿದ್ದರು.

ತಿರುಗಿಸಿ ಹಾಕಿಸಿದೆ, ಕತ್ತು ಸರಿಹೋಯಿತು. ಸಂಜೆ ಬೆನ್ನಿನ ಕತ್ತಿನ ಒಳಗಡೆ, ಬೆರಳಿಗೆ ತಗುಲುವ ಹಾಗೆ, ಕೆಂಪು ನೂಲಿನಲ್ಲಿ ದಪ್ಪಗೆ ನಾಲ್ಕು ಹೊಲಿಗೆ ಹಾಕಿಕೊಟ್ಟೆ.